ಹಾಫ್ ಮ್ಯಾರಥಾನ್‌ಗೆ ಅಲ್ ಹೈಲ್‌ನ ಚಳಿಗಾಲ ಸಾಕೇ?

ಪ್ರಶ್ನೆ: ಮಸ್ಕತ್‌ನ ಅಲ್ ಹೈಲ್‌ನಲ್ಲಿದ್ದೇನೆ, ವಯಸ್ಸು 38, ಆಫೀಸ್ ಕೆಲಸ. 10 ಕಿ.ಮೀ.ಯನ್ನು 55 ನಿಮಿಷದಲ್ಲಿ ಓಡುತ್ತೇನೆ. ಮುಂಬೈ ಮ್ಯಾರಥಾನ್‌ನ ಪೂರ್ಣ ಓಟಕ್ಕೆ ಅರ್ಹತೆ ತೋರಿಸಲು ಇಲ್ಲೇ ಒಂದು ಹಾಫ್ ಮ್ಯಾರಥಾನನ್ನು ಎರಡು ಗಂಟೆಯೊಳಗೆ ಮುಗಿಸುವಾಸೆ. ಚಳಿಗಾಲದಲ್ಲಿ ಹೇಗೆ ತಯಾರಾಗಲಿ?

ಉತ್ತರ: ಗುರಿ ಕೈಗೆಟುಕುವಂಥದ್ದೇ. ಒಂದು ದೂರದ ಸಮಯದಿಂದ ಇನ್ನೊಂದನ್ನು ಅಂದಾಜಿಸಲು ಅಮೆರಿಕದ ಎಂಜಿನಿಯರ್ ಪೀಟರ್ ರೀಗಲ್ 1977ರಲ್ಲಿ ಕೊಟ್ಟ ಸೂತ್ರವೊಂದಿದೆ. ಅದರ ಪ್ರಕಾರ ನಿಮ್ಮ 55 ನಿಮಿಷಕ್ಕೆ ಹಾಫ್ ಮ್ಯಾರಥಾನ್‌ನಲ್ಲಿ ಸುಮಾರು 2 ಗಂಟೆ 1 ನಿಮಿಷ ಬರುತ್ತದೆ. ಈ ಲೆಕ್ಕ ನಿಜವಾಗುವುದು ದೂರದ ಓಟಕ್ಕೆ ಕಾಲು ಪಳಗಿದವರಿಗೆ ಮಾತ್ರ. ವೇಗ ನಿಮಗೆ ಹೆಚ್ಚುಕಮ್ಮಿ ಇದೆ, ತಾಳಿಕೆ ಗಳಿಸಬೇಕು.

ಯುರೋಪಿನವರು ಚಳಿಗಾಲದಲ್ಲಿ ಹಿಮ, ಕತ್ತಲೆಯ ನಡುವೆ ಓಡುತ್ತಾರೆ. ಒಮಾನಿನಲ್ಲಿ ಓಟಗಾರನ ಸುಗ್ಗಿಯೇ ಚಳಿಗಾಲ. ಜನವರಿಯಲ್ಲಿ ಮಸ್ಕತ್‌ನ ತಾಪಮಾನ ರಾತ್ರಿ 17–18 ಡಿಗ್ರಿ, ಹಗಲು 25ರ ಆಸುಪಾಸು. ಬೇಸಿಗೆಯಲ್ಲಿ ಮೈ ತಣಿಸಲು ಚರ್ಮದತ್ತ ಹರಿಯುತ್ತಿದ್ದ ರಕ್ತ ಈಗ ಕಾಲಿನ ಸ್ನಾಯುಗಳಿಗೆ ಸಿಗುತ್ತದೆ, ಅದೇ ಓಟ ಸಲೀಸೆನಿಸುತ್ತದೆ. ಅಪಾಯವೂ ಇಲ್ಲೇ. ಹುಮ್ಮಸ್ಸಿನಲ್ಲಿ ದಿನವೂ ಜೋರಾಗಿ ಓಡುತ್ತೇವೆ. ಹೃದಯ, ಶ್ವಾಸಕೋಶ ಕೆಲವೇ ವಾರಗಳಲ್ಲಿ ಹೊಂದಿಕೊಳ್ಳುತ್ತವೆ; ಮೂಳೆ, ಸ್ನಾಯುರಜ್ಜುಗಳಿಗೆ ತಿಂಗಳುಗಳೇ ಬೇಕು. ಮೊಣಕಾಲ ಕೆಳಗಿನ ಮುಂಮೂಳೆ ನೋಯತೊಡಗುವುದು ಹೀಗೆ.

ವಾರಕ್ಕೆ ನಾಲ್ಕು ದಿನ ಓಡಿದರೆ ಸಾಕು. ಎರಡು ದಿನ ಕಿ.ಮೀ.ಗೆ ಆರೂವರೆಯಿಂದ ಏಳು ನಿಮಿಷದ ನಿಧಾನದ ಓಟ: ಊರಿನವರೊಂದಿಗೆ ಫೋನಿನಲ್ಲಿ ಏದುಸಿರಿಲ್ಲದೆ ಹರಟುವಂತಿರಬೇಕು. ಒಂದು ದಿನ ಗುರಿಯ ವೇಗ, ಅಂದರೆ ಕಿ.ಮೀ.ಗೆ 5 ನಿಮಿಷ 40 ಸೆಕೆಂಡು. ಮೊದಲು 20 ನಿಮಿಷ, ಬರಬರುತ್ತ 40. ರಜೆಯ ಶುಕ್ರವಾರ ಬೆಳಿಗ್ಗೆ ಉದ್ದ ಓಟ: 10 ಕಿ.ಮೀ.ಯಿಂದ ಶುರುವಾಗಿ ವಾರಕ್ಕೊಂದು ಕಿ.ಮೀ. ಏರುತ್ತ 18ರವರೆಗೆ, ಪ್ರತಿ ನಾಲ್ಕನೇ ವಾರ ಇಳಿಕೆ. ಕೊನೆಯ ಎರಡು ವಾರ ದೂರ ತಗ್ಗಿಸಿ. ಒಟ್ಟು 14 ವಾರ ಹಿಡಿಯುತ್ತದೆ.

ಅಲ್ ಹೈಲ್ ಉತ್ತರದ ಕಡಲ ದಂಡೆ ಕರೆಯುತ್ತದೆ ನಿಜ. ಆದರೆ ಒದ್ದೆ ಮರಳು ನೀರಿನ ಕಡೆಗೆ ಇಳಿಜಾರು. ಒಂದು ಪಾದ ಸದಾ ತಗ್ಗಿನಲ್ಲಿ ಬಿದ್ದು ಸೊಂಟ, ಮಂಡಿ ನೋಯುತ್ತವೆ. ಉದ್ದ ಓಟವನ್ನು ಪಾದಚಾರಿ ದಾರಿಯಲ್ಲೇ ಮಾಡಿ. ಡಿಸೆಂಬರಿನಲ್ಲಿ ಸೂರ್ಯೋದಯ ಆರೂವರೆಯ ನಂತರ, ಹಾಗಾಗಿ ಬೆಳಕಿಗೆ ಹೊಳೆಯುವ ಜಾಕೆಟ್ ತೊಡಿ. ಮಳೆ ಬಂದು ವಾದಿ (ಇಲ್ಲಿನ ಒಣ ಹಳ್ಳ) ಹರಿಯುತ್ತಿದ್ದರೆ ದಾಟಬೇಡಿ. ಈಚೆಗೆ ರಂಜಾನ್ ಫೆಬ್ರುವರಿ–ಮಾರ್ಚ್ ಹೊತ್ತಿಗೆ ಬರುತ್ತಿದೆ. ಆ ತಿಂಗಳು ಹಗಲಲ್ಲಿ ಬೀದಿಯಲ್ಲಿ ನೀರು ಕುಡಿಯುವುದೂ ಕಾನೂನಿಗೆ ವಿರುದ್ಧ. ಆಗ ಸೂರ್ಯಾಸ್ತದ ನಂತರ ಓಡಿ.

ಓಟಕ್ಕೆ ದೂರ ಹೋಗಬೇಕಿಲ್ಲ. ಮಸ್ಕತ್ ಮ್ಯಾರಥಾನ್ ನಡೆಯುವುದು ಪಕ್ಕದ ಅಲ್ ಮೌಜ್‌ನಲ್ಲಿ, ಅದರಲ್ಲಿ ಹಾಫ್ ಕೂಡ ಇದೆ. ಹಣ ಕಟ್ಟುವ ಮೊದಲು ಎರಡು ವಿಷಯ ಖಚಿತಪಡಿಸಿಕೊಳ್ಳಿ: ಆ ವರ್ಷದ ಹಾದಿ ಅಧಿಕೃತವಾಗಿ ಅಳೆದದ್ದೇ, ಚಿಪ್ ಸಮಯದ ಪ್ರಮಾಣಪತ್ರ ಸಿಗುತ್ತದೆಯೇ? ಮುಂಬೈನವರು ವಯಸ್ಸು, ಲಿಂಗಕ್ಕೆ ತಕ್ಕ ಸಮಯದ ಮಿತಿ ಇಟ್ಟಿದ್ದಾರೆ; ಯಾವ ಅವಧಿಯ ಓಟ ಲೆಕ್ಕಕ್ಕೆ ಬರುತ್ತದೆಂಬುದನ್ನೂ ಆ ವರ್ಷದ ನಿಯಮದಲ್ಲೇ ಓದಿಕೊಳ್ಳಿ.

ಓಟದ ದಿನಾಂಕ ಗೊತ್ತಾದ ಕೂಡಲೇ 14 ವಾರ ಹಿಂದಕ್ಕೆ ಎಣಿಸಿ, ಆ ದಿನವೇ ಶುರುಮಾಡಿ. ಆಫೀಸಿನ ಕೆಲಸದಲ್ಲಿ ಒಂದು ವಾರ ತಪ್ಪಿದರೆ ಅದನ್ನು ಮುಂದಿನ ವಾರ ತುಂಬಿಸಲು ಮಾತ್ರ ಹೋಗಬೇಡಿ.