ಇದು ಎಂಥ ಸಮಯ ಎಂದು ಮೊದಲು ಕೇಳು

ಮಗು, ಟೇಬಲ್ಲಿಗೆ ದಿನಾಂಕದ ಕಾಲಂ ಸೇರಿಸುವ ಮುನ್ನ ಒಂದು ಗಳಿಗೆ ನಿಲ್ಲು. ಇಲ್ಲಿ ಬಂದು ಕೂರುವುದು ಎಂಥ ಸಮಯ ಎಂದು ಕೇಳಿಕೋ.

ಹಣ ಪಾವತಿಯಾದದ್ದು, ಲಾಗಿನ್ ಆದದ್ದು ಆಗಿಹೋದ ಕ್ಷಣಗಳು. ಅವನ್ನು ಯುಟಿಸಿ ಎಂಬ ಜಾಗತಿಕ ಪ್ರಮಾಣ ಸಮಯದಲ್ಲೇ ಇಡು. ಭಾರತದ ಸಮಯಕ್ಕೆ ಬೇಕಾದ ಐದೂವರೆ ಗಂಟೆಯನ್ನು ಪರದೆಯಲ್ಲಿ ತೋರಿಸುವಾಗ ಕೂಡಿಸಿದರೆ ಸಾಕು.

ಹುಟ್ಟಿದ ದಿನಕ್ಕೆ ಬೇಕಾದದ್ದು ಬರೀ ದಿನಾಂಕ. ಅದಕ್ಕೆ ಗಂಟೆ ಅಂಟಿಸಬೇಡ. ಆಗಸ್ಟ್ 15ರ ನಡುರಾತ್ರಿ 12 ಗಂಟೆ ಎಂದು ಬರೆದಿಟ್ಟರೆ ಯುಟಿಸಿಯಲ್ಲಿ ಅದು 14ರ ಸಂಜೆ 6:30 ಆಗುತ್ತದೆ, ಹುಟ್ಟುಹಬ್ಬ ಒಂದು ದಿನ ಹಿಂದೆ ಸರಿಯುತ್ತದೆ.

ಮುಂದೆ ನಡೆಯಬೇಕಾದದ್ದು ಮೂರನೆಯ ಬಗೆ. ಬರುವ ವರ್ಷ ನ್ಯೂಯಾರ್ಕಿನಲ್ಲಿ ಬೆಳಗ್ಗೆ 9ಕ್ಕೆ ಸಭೆ ಎಂದರೆ ಅಲ್ಲಿನ ಗಡಿಯಾರದ 9 ಗಂಟೆಯನ್ನೂ ‘ಅಮೆರಿಕ/ನ್ಯೂಯಾರ್ಕ್’ ಎಂಬ ಟೈಮ್‌ಝೋನ್ ಹೆಸರನ್ನೂ ಜೊತೆಗೇ ಇಡು. ಯುಟಿಸಿಗಿಂತ ಐದು ಗಂಟೆ ಹಿಂದೆ ಎಂಬ ಅರ್ಥದಲ್ಲಿ ‘ಮೈನಸ್ 5’ ಎಂದಷ್ಟೇ ಬರೆದರೆ ಬೇಸಿಗೆಯಲ್ಲಿ ಅದು ಮೈನಸ್ 4 ಆಗಿರುತ್ತದೆ. ಮೇಲಾಗಿ ಈ ನಿಯಮಗಳನ್ನು ಸರ್ಕಾರಗಳು ಬದಲಿಸುತ್ತಲೇ ಇರುತ್ತವೆ. ಬೇಸಿಗೆ ಸಮಯ ಶುರುವಾಗುವ, ಮುಗಿಯುವ ದಿನಗಳನ್ನು ಅಮೆರಿಕ 2007ರಲ್ಲಿ ಬದಲಿಸಿತು. ಸಮೋವಾ ದೇಶದ ಕ್ಯಾಲೆಂಡರಿನಲ್ಲಿ 2011ರ ಡಿಸೆಂಬರ್ 30 ಬರಲೇ ಇಲ್ಲ.

ಇನ್ನು ಟೆಸ್ಟಿನ ಮಾತು. ಕೋಡಿನ ನಡುವೆ ಎಲ್ಲೆಂದರಲ್ಲಿ ‘ಈಗ ಗಂಟೆ ಎಷ್ಟು’ ಎಂದು ಯಂತ್ರವನ್ನು ಕೇಳಬೇಡ. ಗಡಿಯಾರವನ್ನು ಹೊರಗಿನಿಂದ ಕೊಡು. ಆಗ ಟೆಸ್ಟಿಗೆ ನೀನು ಹೇಳಿದ ಹೊತ್ತನ್ನೇ ತೋರಿಸುವ ಗಡಿಯಾರ ಕೊಡಬಹುದು. ಫೆಬ್ರವರಿ 29 ಇಟ್ಟು ನೋಡು, ಡಿಸೆಂಬರ್ 31ರ ರಾತ್ರಿ ಇಟ್ಟು ನೋಡು. 32 ಬಿಟ್‌ನ ಸೆಕೆಂಡ್ ಎಣಿಕೆ ತುಂಬಿಹೋಗುವ 2038ರ ಜನವರಿ 19ನ್ನೂ ದಾಟಿಸಿ ನೋಡು. ಮೈಕ್ರೋಸೆಕೆಂಡಿನವರೆಗೆ ಮಾತ್ರ ಉಳಿಸುವ ಡೇಟಾಬೇಸಿಗೆ ನ್ಯಾನೋಸೆಕೆಂಡಿನ ಸಮಯ ಕೊಟ್ಟು, ಅದೇ ತಿರುಗಿ ಬರಲೆಂದು ಕಾಯಬೇಡ.

ಹಗಲೆಲ್ಲ ಪಾಸಾಗುವ ಟೆಸ್ಟು ರಾತ್ರಿ 12ರಿಂದ ಬೆಳಗಿನ 5:30ರ ನಡುವೆ ಮಾತ್ರ ಫೇಲಾದರೆ, ಇನ್ನೊಮ್ಮೆ ಓಡಿಸಿ ಸುಮ್ಮನಾಗಬೇಡ. ಆ ಹೊತ್ತಿನಲ್ಲಿ ಯುಟಿಸಿಗೆ ಇನ್ನೂ ನಿನ್ನೆಯ ತಾರೀಕು. ಎರಡು ತಾರೀಕುಗಳು ಎಲ್ಲಿ ಬೆರೆತಿವೆ ಎಂದು ಹುಡುಕು.

ಇಷ್ಟು ಒತ್ತಿ ಹೇಳಲು ಕಾರಣವಿದೆ. ಅರ್ಜಿಗೆ ಜೂನ್ 30 ಕೊನೆಯ ದಿನ ಎಂಬುದನ್ನು 30ರ ಸೊನ್ನೆ ಗಂಟೆ ಎಂದು ಉಳಿಸಿದರೆ, ಆ ದಿನ ಹುಟ್ಟುವಾಗಲೇ ಬಾಗಿಲು ಮುಚ್ಚುತ್ತದೆ. ಶುಲ್ಕದ ಹಣ ಹೊಂದಿಸಿಕೊಂಡು ಅಂದು ಬೆಳಗ್ಗೆ ಬರುವ ವಿದ್ಯಾರ್ಥಿ ಒಂದು ವರ್ಷ ಕಳೆದುಕೊಳ್ಳುತ್ತಾನೆ. ಅವನ ಆ ದಿನವನ್ನು ಕಾಯುವುದು ನಿನ್ನ ಕೆಲಸ.