ದೂರದ ಬೆಟ್ಟವೂ ಏರಿದ ಬೆಟ್ಟವೂ

ಕನ್ನಡದಲ್ಲಿ ‘ದೂರದ ಬೆಟ್ಟ ನುಣ್ಣಗೆ’ ಎಂಬ ಗಾದೆಯಿದೆ. ಮರಾಠಿಯಲ್ಲಿ ಇದೇ ಮಾತು ‘ದುರೂನ್ ಡೋಂಗರ್ ಸಾಜರೇ’ ಎಂದಾಗುತ್ತದೆ. ಎರಡೂ ಭಾಷೆಗಳಲ್ಲಿ ಶಾಲೆ ಕಲಿತ ನಮ್ಮಂಥವರಿಗೆ ಇವು ಒಂದೇ ಗಾದೆಯ ಎರಡು ರೂಪಗಳೆಂದು ತೋರುವುದು ಸಹಜ. ಆದರೆ ಎರಡರ ಕೊನೆಯ ಪದಗಳನ್ನು ಗಮನಿಸಿರಿ. ‘ಸಾಜರೇ’ ಎಂದರೆ ಅಂದವಾದುದು, ಕಣ್ಣಿಗೆ ಒಪ್ಪುವಂಥದು; ಅದು ನೋಟಕ್ಕೆ ಸೇರಿದ ಪದ. ‘ನುಣ್ಣಗೆ’ ಎಂಬುದು ಸ್ಪರ್ಶಕ್ಕೆ ಸೇರಿದ ಪದ. ಕನ್ನಡದ ಗಾದೆಯಲ್ಲಿ ಕಣ್ಣು ಕೈಯ ಕೆಲಸವನ್ನು ತಾನೇ ವಹಿಸಿಕೊಂಡು, ಮುಟ್ಟದ ವಸ್ತುವನ್ನು ನುಣುಪೆಂದು ತೀರ್ಪು ಕೊಟ್ಟಿದೆ. ಆ ತೀರ್ಪನ್ನು ತಿದ್ದಬೇಕಾದರೆ ಬೆಟ್ಟದವರೆಗೆ ನಡೆದುಹೋಗಿ, ಅದರ ಕಲ್ಲನ್ನು ಹಿಡಿದು ಏರುವುದೊಂದೇ ದಾರಿ.

ಚಾರಣವು ವ್ಯಕ್ತಿತ್ವವನ್ನು ರೂಪಿಸುವ ಬಗೆ ಎಂಬ ವಿಷಯವನ್ನು ಪ್ರಬಂಧಕ್ಕೆ ಕೊಟ್ಟರೆ ವಿದ್ಯಾರ್ಥಿಗಳ ಉತ್ತರಪತ್ರಿಕೆಗಳಲ್ಲಿ ಧೈರ್ಯ, ಸಾಹಸ, ಸಹಕಾರ, ಪ್ರಕೃತಿಪ್ರೇಮ ಎಂಬ ನಾಲ್ಕು ಪದಗಳು ತಪ್ಪದೆ ಬರುತ್ತವೆ. ಅವು ಸುಳ್ಳಲ್ಲ. ಆದರೆ ಅವೂ ದೂರದ ಬೆಟ್ಟಗಳೇ. ಯಾವ ಗುಣ, ಏರಿನ ಯಾವ ಹಂತದಲ್ಲಿ, ಯಾವ ಕಾರಣದಿಂದ ಹುಟ್ಟುತ್ತದೆ ಎಂದು ಹೇಳದಿದ್ದರೆ ಆ ಪದಗಳಿಗೆ ತೂಕವಿಲ್ಲ. ನನ್ನ ಮಟ್ಟಿಗೆ ಹೇಳುವುದಾದರೆ, ಬೆಟ್ಟವು ಮೊದಲು ಕೊಡುವುದು ಧೈರ್ಯವನ್ನಲ್ಲ, ಅಳತೆಯನ್ನು.

ನಮ್ಮದು ಬಯಲುಸೀಮೆ. ಅಕ್ಕಲಕೋಟೆ, ಜತ್ತ, ಸೊಲ್ಲಾಪುರಗಳ ಎರೆನೆಲದಲ್ಲಿ ನಡೆದು ಬೆಳೆದವರು ದೂರವನ್ನು ಹರದಾರಿಯಲ್ಲಿ, ಇಲ್ಲವೆ ಕಿಲೋಮೀಟರಿನಲ್ಲಿ ಎಣಿಸುತ್ತಾರೆ. ಬೆಟ್ಟದಲ್ಲಿ ಆ ಲೆಕ್ಕ ನಡೆಯುವುದಿಲ್ಲ. ಸ್ಕಾಟ್ಲೆಂಡಿನ ವಿಲಿಯಂ ನೈಸ್ಮಿತ್ ಎಂಬ ಪರ್ವತಾರೋಹಿ 1892ರಲ್ಲಿ ಒಂದು ಸರಳ ಸೂತ್ರವನ್ನು ಕೊಟ್ಟನು. ಸುಮಾರು ಐದು ಕಿಲೋಮೀಟರ್ ನಡಿಗೆಗೆ ಒಂದು ಗಂಟೆ. ಅದರ ಮೇಲೆ, ಏರಿದ ಪ್ರತಿ 600 ಮೀಟರಿಗೆ ಇನ್ನೊಂದು ಗಂಟೆ. ಚಾರಣಿಗರು ಇಂದಿಗೂ ಇದನ್ನೇ ಹಿಡಿದು ದಿನವನ್ನು ಹಂಚಿಕೊಳ್ಳುತ್ತಾರೆ. ಮಹಾರಾಷ್ಟ್ರದ ಅತ್ಯುನ್ನತ ಶಿಖರವಾದ 1646 ಮೀಟರಿನ ಕಳಸೂಬಾಯಿಯನ್ನು ನಕ್ಷೆಯಲ್ಲಿ ನೋಡಿದವನಿಗೆ ಅದು ಒಂದು ಮುಂಜಾವಿನ ಕೆಲಸವೆಂದು ತೋರಬಹುದು. ಬುಡದ ಬಾರಿ ಎಂಬ ಹಳ್ಳಿಯಿಂದ ಹೊರಟು ಕಬ್ಬಿಣದ ಏಣಿಗಳನ್ನು ಹತ್ತುವಾಗ ತನ್ನ ಉಸಿರು, ತನ್ನ ಮೊಣಕಾಲು, ತನ್ನ ಬಳಿ ಉಳಿದ ನೀರು ಇವುಗಳ ನಿಜವಾದ ಪ್ರಮಾಣ ಅವನಿಗೆ ತಿಳಿಯುತ್ತದೆ. ತನ್ನನ್ನು ಕುರಿತು ಅವನು ಕಟ್ಟಿಕೊಂಡ ಉತ್ಪ್ರೇಕ್ಷೆ ಅಲ್ಲಿ ಕರಗುತ್ತದೆ. ಅಂಜುಬುರುಕನ ಅಂಜಿಕೆಯೂ ಒಂದು ಬಗೆಯ ಉತ್ಪ್ರೇಕ್ಷೆಯೇ. ಆದಕಾರಣ ಅದೇ ಏರು ಒಬ್ಬನ ಬಿಂಕವನ್ನು ಇಳಿಸಿ ಇನ್ನೊಬ್ಬಳ ಆತ್ಮವಿಶ್ವಾಸವನ್ನು ಹೆಚ್ಚಿಸಬಲ್ಲದು.

ಅಳತೆಯು ತನ್ನೊಬ್ಬನಿಗೇ ಸೀಮಿತವಲ್ಲ. ಬಲ್ಲ ತಂಡಗಳು ನಿಧಾನವಾಗಿ ನಡೆಯುವವರನ್ನು ಮುಂದಿಟ್ಟು, ಅವರ ಹೆಜ್ಜೆಗೆ ಎಲ್ಲರ ಹೆಜ್ಜೆಯನ್ನು ಹೊಂದಿಸುತ್ತವೆ. ಗಟ್ಟಿಗರು ಮುಂದೆ ಹೋಗಿ ಕಾದು ಕುಳಿತರೆ, ಹಿಂದಿನವನು ಬಂದು ತಲಪುವಷ್ಟರಲ್ಲಿ ಇವರ ವಿಶ್ರಾಂತಿ ಮುಗಿದಿರುತ್ತದೆ. ದಣಿದವನಿಗೆ ಮಾತ್ರ ವಿಶ್ರಾಂತಿ ಸಿಗುವುದಿಲ್ಲ. ತರಗತಿಯಲ್ಲಿ ನೂರು ಸಲ ಹೇಳಿದರೂ ಮನಸ್ಸಿಗೆ ಹತ್ತದ ಈ ಅನ್ಯಾಯ ಬೆಟ್ಟದ ಓರೆಯಲ್ಲಿ ಒಂದೇ ದಿನದಲ್ಲಿ ಅರ್ಥವಾಗುತ್ತದೆ. 1953ರ ಮೇ 29ರಂದು ತೇನ್ಸಿಂಗ್ ನೋರ್ಗೆ ಮತ್ತು ಎಡ್ಮಂಡ್ ಹಿಲರಿ ಎವರೆಸ್ಟಿನ ನೆತ್ತಿಯನ್ನು ಮುಟ್ಟಿದಾಗ ‘ಮೊದಲು ಹೆಜ್ಜೆಯಿಟ್ಟವರು ಯಾರು’ ಎಂದು ಲೋಕವೆಲ್ಲ ಕೇಳಿತು. ಒಂದೇ ಹಗ್ಗಕ್ಕೆ ಕಟ್ಟಿಕೊಂಡು ಏರಿದ ಅವರಿಬ್ಬರೂ ‘ನಾವು ಕೂಡಿ ಏರಿದೆವು’ ಎಂಬ ಉತ್ತರಕ್ಕೆ ಅಂಟಿಕೊಂಡರು. ಕೊನೆಗೆ 1955ರ ತನ್ನ ಆತ್ಮಕಥೆಯಲ್ಲಿ ತೇನ್ಸಿಂಗನೇ, ಮೊದಲು ಕಾಲಿಟ್ಟವನು ಹಿಲರಿ, ಅವನ ಹಿಂದೆ ತಾನು ಎಂದು ತಿಳಿಸಿದನು. ತನ್ನ ದೇಶಬಾಂಧವರು ಕೇಳಬಯಸಿದ ಉತ್ತರ ಅದಾಗಿರಲಿಲ್ಲವೆಂಬುದನ್ನು ನೆನೆದರೆ ಆ ಮಾತಿನ ಬೆಲೆ ತಿಳಿಯುತ್ತದೆ.

ಇನ್ನು ದೃಷ್ಟಿಯ ಸಂಗತಿ. ಕನ್ನಡ ಮತ್ತು ಮರಾಠಿ ಸಾಹಿತ್ಯಗಳ ಮುಂದೆ ಇರುವುದು ಒಂದೇ ಸಹ್ಯಾದ್ರಿ. ಆದರೂ ಅದು ಎರಡು ಕಡೆಗಳಲ್ಲಿ ಎರಡು ಬಗೆಯ ಮನಸ್ಸನ್ನು ಬೆಳೆಸಿದೆ. ಕುವೆಂಪು ಅವರ ‘ಮಲೆನಾಡಿನ ಚಿತ್ರಗಳು’ (1933) ಕೃತಿಯಲ್ಲಿ ಮಲೆ ಎಂದರೆ ಕಾಡು, ಮಳೆ, ಹಕ್ಕಿ, ಇರುಳು. ಕುಪ್ಪಳಿಯ ಮನೆಯ ಮೇಲಣ ಕವಿಶೈಲ ಎತ್ತರದಲ್ಲಿ ಬಹು ದೊಡ್ಡದೇನಲ್ಲ. ಅಲ್ಲಿಗೆ ಹೋಗುವುದು ಏರಿದೆನೆಂದು ಹೇಳಿಕೊಳ್ಳಲಿಕ್ಕಲ್ಲ, ಕುಳಿತುಕೊಳ್ಳಲಿಕ್ಕೆ. ಸೂರ್ಯೋದಯ ಸೂರ್ಯಾಸ್ತಗಳ ಮುಂದೆ ‘ನಾನು’ ಎಂಬುದು ಸಣ್ಣದಾಗುವುದೇ ಅಲ್ಲಿಯ ಫಲ. ಮರಾಠಿಯ ಗೋ. ನೀ. ದಾಂಡೇಕರರು (1916–1998) ಅದೇ ಪರ್ವತಶ್ರೇಣಿಯ ಕೋಟೆಗಳನ್ನು ಜೀವಮಾನವಿಡೀ ಸುತ್ತಿದವರು. ಅವರ ‘ದುರ್ಗಭ್ರಮಣಗಾಥಾ’ದಲ್ಲಿ ಪ್ರತಿಯೊಂದು ಬುರುಜಿಗೂ, ನೀರಿನ ತೊಟ್ಟಿಗೂ ನೆನಪಿನ ಭಾರವಿದೆ. ಏರುವವನು ತನಗಿಂತ ಹಿಂದೆ ಅದೇ ದಾರಿಯಲ್ಲಿ ಕಲ್ಲು ಹೊತ್ತವರ, ಕಾವಲು ಕಾದವರ ಋಣವನ್ನು ಹೊರುತ್ತಾನೆ. ಒಂದು ಪರಂಪರೆಯಲ್ಲಿ ಬೆಟ್ಟವು ಮನುಷ್ಯನನ್ನು ಬರಿದುಮಾಡುತ್ತದೆ, ಇನ್ನೊಂದರಲ್ಲಿ ತುಂಬುತ್ತದೆ. ಹೀಗೆ ಗೆರೆ ಕೊಯ್ದಂತೆ ಹೇಳುವುದು ತುಸು ಅತಿಯಾಯಿತೆಂದು ಬಲ್ಲೆ. ರಾಜಮಾಚಿಯ ಮುದುಕನನ್ನು ಕುರಿತ ದಾಂಡೇಕರರ ‘ಮಾಚಿವರಲಾ ಬುಧಾ’ ಕಾದಂಬರಿಯನ್ನು ಓದಿದರೆ ಅಲ್ಲಿ ಇತಿಹಾಸಕ್ಕಿಂತ ಗಿಡಮರ ಪ್ರಾಣಿಗಳ ಸಹವಾಸವೇ ಮುಖ್ಯ. ಎರಡೂ ಭಾಷೆಗಳನ್ನು ಓದಬಲ್ಲ ಗಡಿನಾಡಿನ ನಿಮಗೆ ಈ ತುಲನೆ ಸುಲಭವಾಗಿ ಕೈಗೆಟಕುವ ಸಂಪತ್ತು. ಬೆಂಗಳೂರು, ಧಾರವಾಡಗಳ ವಿದ್ಯಾರ್ಥಿಗೆ ಅದು ಅಷ್ಟು ಸುಲಭವಲ್ಲ.

ಇವೆರಡೂ ಇಲ್ಲದ ಮೂರನೆಯ ಬಗೆಯೊಂದಿದೆ. ರಜೆಯ ದಿನ ಕೋಟೆಗೆ ನುಗ್ಗಿ, ಚಿತ್ರ ತೆಗೆಸಿಕೊಂಡು, ಗೋಡೆಯ ಮೇಲೆ ಹೆಸರು ಕೆತ್ತಿ, ಪ್ಲಾಸ್ಟಿಕ್ ಬಾಟಲಿಯನ್ನು ಕಮರಿಗೆ ಎಸೆದು ಬರುವುದು. ಬೆಟ್ಟವೇರಿದವರೆಲ್ಲ ದೊಡ್ಡವರಾಗುತ್ತಾರೆ ಎಂಬ ನಂಬಿಕೆಗೆ ಇದಕ್ಕಿಂತ ಬೇರೆ ಖಂಡನೆ ಬೇಕಿಲ್ಲ. ‘ಶಿಖರವನ್ನು ಗೆದ್ದರು’ ಎಂಬ ಪತ್ರಿಕಾಭಾಷೆಯನ್ನೂ ನೀವು ಬಿಡುವುದೊಳಿತು. ಗೆಲ್ಲಲು ಎದುರಾಳಿ ಬೇಕು. ಬೆಟ್ಟವು ಯಾರೊಡನೆಯೂ ಸ್ಪರ್ಧೆಗೆ ಇಳಿದಿಲ್ಲ.

ರಾಯಗಡದ ಹಿರಕಣಿಯ ಕಥೆಯನ್ನು ಮರಾಠಿ ಶಾಲೆಯಲ್ಲಿ ಓದಿದವರೆಲ್ಲ ಬಲ್ಲರು. ಹಾಲು ಮಾರಲು ಕೋಟೆಗೆ ಬಂದ ಹೆಂಗಸು. ಸಂಜೆಗೆ ಬಾಗಿಲುಗಳು ಮುಚ್ಚಿಹೋದವು. ಕೆಳಗಿನ ಹಳ್ಳಿಯಲ್ಲಿ ಎಳೆಗೂಸು. ಯಾರೂ ಇಳಿಯಲಾರದ ಕಡಿದಾದ ಬಂಡೆಯನ್ನು ಅವಳು ಕತ್ತಲಲ್ಲಿ ಇಳಿದಳು. ಆ ಸ್ಥಳದಲ್ಲಿ ಶಿವಾಜಿ ಮಹಾರಾಜರು ಕಟ್ಟಿಸಿದ ಬುರುಜಿಗೆ ಅವಳದೇ ಹೆಸರು ಎಂದು ಐತಿಹ್ಯ. ಇಲ್ಲಿ ಹೊಗಳಿಕೆಗೆ ಪಾತ್ರವಾದುದು ಇಳಿತ, ಏರಲ್ಲ ಎಂಬುದನ್ನು ಗುರುತಿಸಿರಿ. ಬೆಟ್ಟದಲ್ಲಿ ಬಾಳುವವರಿಗೆ ಚಾರಣವೆಂಬುದಿಲ್ಲ. ಕೊಡ, ಕಟ್ಟಿಗೆ, ಹಾಲಿನ ಗಡಿಗೆಗಳೊಡನೆ ದಿನದಿನವೂ ನಡೆಯುವ ದಾರಿಯಿದೆ. ಬೆನ್ನಿಗೆ ಚೀಲ ಏರಿಸಿಕೊಂಡು ಏದುಸಿರು ಬಿಡುವ ಪಟ್ಟಣದ ಹುಡುಗನ ಪಕ್ಕದಲ್ಲೇ ಅರವತ್ತು ದಾಟಿದ ಅಜ್ಜಿ ತಲೆಯ ಮೇಲೆ ಹೊರೆ ಹೊತ್ತು ಸಾಗಿಹೋದಾಗ ಅವನಿಗೆ ಆಗುವ ನಾಚಿಕೆ ಆರೋಗ್ಯಕರವಾದುದು.

ಕನ್ನಡಿಗರಿಗೆ ಚಾರಣ ಹೊಸದೇ? ಯುಗಾದಿಗೆ ಮುನ್ನ ವಿಜಯಪುರ, ಬಾಗಲಕೋಟೆ, ಸೊಲ್ಲಾಪುರಗಳ ಕಡೆಯಿಂದ ಕಂಬಿ ಹೊತ್ತು ಶ್ರೀಶೈಲಕ್ಕೆ ನಡೆಯುವವರನ್ನು ನೀವು ಕಂಡಿದ್ದೀರಿ. ನಲ್ಲಮಲದ ಕಾಡನ್ನು ಹೊಕ್ಕು, ಭೀಮನ ಕೊಳ್ಳದಲ್ಲಿ ಇಳಿದು, ಮತ್ತೆ ಕೈಲಾಸದ್ವಾರದತ್ತ ಏರುವ ಆ ದಾರಿ ಯಾವ ಚಾರಣಕ್ಕೂ ಕಡಿಮೆಯದಲ್ಲ. ಆ ದಾರಿಯ ಅತ್ಯಂತ ಪ್ರಸಿದ್ಧ ಪಥಿಕ ನಮ್ಮ ಸೊನ್ನಲಿಗೆಯ ಹುಡುಗ.

ರಾಘವಾಂಕನ ‘ಸಿದ್ಧರಾಮ ಚಾರಿತ್ರ’ದಲ್ಲಿ ಈ ಪ್ರಸಂಗ ಬರುತ್ತದೆ. ಹೊಲ ಕಾಯುವ ಬಾಲಕ ಸಿದ್ಧರಾಮನ ಬಳಿಗೆ ಮಲ್ಲಯ್ಯ ಜಂಗಮರೂಪದಲ್ಲಿ ಬಂದು ಉಣಲು ಕೇಳುತ್ತಾನೆ. ಹುಡುಗ ಮನೆಗೆ ಓಡಿ ತಂದಾಗ ಅತಿಥಿ ಇಲ್ಲ. ಅಳುತ್ತ ಹುಡುಕುತ್ತ ಶ್ರೀಶೈಲದ ಯಾತ್ರಿಕರ ಜೊತೆಗೂಡುತ್ತಾನೆ. ಅವರು ಗುಡಿಯ ಲಿಂಗವನ್ನು ತೋರಿಸಿ ‘ಇವನೇ ಮಲ್ಲಯ್ಯ’ ಎಂದರೆ ಅವನು ಒಪ್ಪುವುದಿಲ್ಲ. ತಾನು ಕಂಡ ಮಲ್ಲಯ್ಯ ಬೇಕು. ಎಲ್ಲರಿಗೂ ಯಾತ್ರೆ ಮುಗಿದ ಸ್ಥಳದಲ್ಲಿ ಅವನ ಹುಡುಕಾಟ ಮೊದಲಾಗುತ್ತದೆ. ಕೊನೆಗೆ ಕಮರಿಯ ಅಂಚಿಗೆ ಬಂದು ಪ್ರಾಣದ ಹಂಗನ್ನೇ ತೊರೆದಾಗ ಮಲ್ಲಯ್ಯ ಅವನನ್ನು ಹಿಡಿದೆತ್ತುತ್ತಾನೆ. ಇಷ್ಟಕ್ಕೇ ಕಥೆ ನಿಂತಿದ್ದರೆ ಅದು ಒಬ್ಬ ಭಕ್ತನ ಸಾಕ್ಷಾತ್ಕಾರದ ಕಥೆಯಾಗುತ್ತಿತ್ತು. ಆದರೆ ಮಲ್ಲಯ್ಯ ಹುಡುಗನನ್ನು ಬೆಟ್ಟದಲ್ಲಿ ಇರಿಸಿಕೊಳ್ಳುವುದಿಲ್ಲ. ಸೊನ್ನಲಿಗೆಗೆ ಮರಳಿ ಕಳುಹಿಸುತ್ತಾನೆ. ಮರಳಿದವನು ಬಯಲಿನಲ್ಲಿ ಕೆರೆ ತೋಡಿಸಿದನು, ಗುಡಿ ಕಟ್ಟಿಸಿದನು. ಇಂದಿಗೂ ಸೊಲ್ಲಾಪುರದ ನಡುವೆ ಇರುವ ಆ ನೀರು ಶ್ರೀಶೈಲದ ಏರಿನ ಫಲ. ಹಿಲರಿಯ ವಿಷಯದಲ್ಲೂ ಎವರೆಸ್ಟಿಗಿಂತ ನನ್ನನ್ನು ಹೆಚ್ಚು ಸೆಳೆಯುವುದು, ಅವನು ಮತ್ತೆ ಮತ್ತೆ ಹಿಂದಿರುಗಿ ಶೆರ್ಪಾ ಮಕ್ಕಳಿಗಾಗಿ 1961ರಲ್ಲಿ ಖುಮ್ಜುಂಗ್ ಎಂಬ ಹಳ್ಳಿಯಲ್ಲಿ ಶಾಲೆ ಕಟ್ಟಿಸಿದ ಸಂಗತಿ.

ಇಲ್ಲಿ ಒಂದು ತೊಡಕನ್ನು ಮುಚ್ಚಿಡಬಾರದು. ‘ಶೂನ್ಯಸಂಪಾದನೆ’ಯಲ್ಲಿ ಸೊನ್ನಲಿಗೆಗೆ ಬಂದ ಅಲ್ಲಮಪ್ರಭು, ಕೆರೆ ಕಟ್ಟಿಸುತ್ತಿದ್ದ ಸಿದ್ಧರಾಮನನ್ನು ‘ಒಡ್ಡ’ನೆಂದು ಕರೆದು ಕೆಣಕುತ್ತಾನೆ. ಒಳ್ಳೆಯ ಕೆಲಸವೂ ‘ನಾನು ಮಾಡಿದೆ’ ಎಂಬ ಭಾವವನ್ನು ಬೆಳೆಸಿದರೆ ಬಂಧನವೇ ಎಂಬುದು ಅಲ್ಲಮನ ವಾದದ ತಿರುಳು. ಶ್ರೀಶೈಲವನ್ನೇರಿ ಬಂದವನಿಗೂ ಏರುವುದು ಉಳಿದಿತ್ತು. ಇಲ್ಲಿ ನಾನು ಅರ್ಧ ಅಲ್ಲಮನ ಪಕ್ಷ. ಇನ್ನರ್ಧ, ಬೇಸಿಗೆಯಲ್ಲಿ ನೀರಿಗಾಗಿ ಟ್ಯಾಂಕರ್ ಕಾಯುವ ಜತ್ತ ಸೀಮೆಯ ಹಳ್ಳಿಗಳನ್ನು ನೋಡಿದವನಾಗಿ, ಕೆರೆ ತೋಡಿದವನ ಪಕ್ಷ. ಸ್ತುತಿನಿಂದೆಗಳಿಗೆ ಅಲುಗದಿರುವ ಮನಸ್ಸನ್ನು ಹೇಳಲು ಅಕ್ಕಮಹಾದೇವಿ ಬೆಟ್ಟದ ಮೇಲಿನ ಮನೆಯನ್ನೇ ರೂಪಕವಾಗಿ ಆರಿಸಿಕೊಂಡ ವಚನವನ್ನು ಈ ವಾದದ ಪಕ್ಕದಲ್ಲಿಟ್ಟು ಓದಿರಿ. ಅವಳೂ ಶ್ರೀಶೈಲದ ದಾರಿ ಹಿಡಿದವಳು. ಆದರೆ ಅವಳು ಮರಳಲಿಲ್ಲ. ಒಂದೇ ಬೆಟ್ಟ ಒಬ್ಬನನ್ನು ಊರಿಗೆ ಕಳುಹಿಸಿತು, ಒಬ್ಬಳನ್ನು ತನ್ನಲ್ಲೇ ಉಳಿಸಿಕೊಂಡಿತು. ಏಕೆಂಬುದನ್ನು ನಾವು ತರಗತಿಯಲ್ಲಿ ಚರ್ಚಿಸೋಣ.

ಅದಕ್ಕೆ ಮುನ್ನ ಎರಡು ಕೆಲಸಗಳಿವೆ. ರಾಘವಾಂಕನ ಕಾವ್ಯದಲ್ಲಿ ಶ್ರೀಶೈಲಯಾತ್ರೆಯ ಭಾಗವನ್ನು ಓದಿ ಬನ್ನಿರಿ. ನಿಮ್ಮ ಓಣಿಯಲ್ಲಿ ಕಂಬಿಯೊಡನೆ ನಡೆದುಬಂದ ಹಿರಿಯರು ಒಬ್ಬರಾದರೂ ಇದ್ದಾರು; ಕೊಳ್ಳ, ಕಮರಿ, ಓರೆ, ದಿಣ್ಣೆ, ಖಿಂಡಿ, ತಪ್ಪಲು ಮುಂತಾದ ಪದಗಳಲ್ಲಿ ಯಾವುದನ್ನು ಯಾವ ಜಾಗಕ್ಕೆ ಬಳಸುತ್ತಾರೆಂದು ಅವರ ಬಾಯಿಂದಲೇ ಕೇಳಿ ಬರೆದುಕೊಳ್ಳಿರಿ. ನಿಘಂಟಿನಲ್ಲಿ ಇವೆಲ್ಲ ಹತ್ತಿರ ಹತ್ತಿರದ ಅರ್ಥದವು. ನಡೆದವರ ಮಾತಿನಲ್ಲಿ ಒಂದರ ಜಾಗಕ್ಕೆ ಇನ್ನೊಂದು ಬರುವುದಿಲ್ಲ.