ವಠಾರದ ಮೇಲ್ವಿಚಾರಕ: ವಿಸೆಂಟರ್ ಸರ್ವರಿನ ಮೊದಲ ಪಾಠ

ಹಳೆಯ ಮೈಸೂರಿನ ವಠಾರವನ್ನು ನೀವು ನೋಡಿರಬಹುದು. ಒಂದೇ ಆವರಣ, ಒಳಗೆ ಹತ್ತು ಸಂಸಾರ. ವರ್ಚುವಲೈಸೇಶನ್ ಕೂಡ ಇಂಥದೇ ಏರ್ಪಾಡು. ದೊಡ್ಡ ಕಂಪ್ಯೂಟರೊಂದರ ಪ್ರೊಸೆಸರ್, ಮೆಮೊರಿ, ಡಿಸ್ಕುಗಳನ್ನು ಹಂಚಿಕೊಂಡು ಹಲವು ಕಂಪ್ಯೂಟರುಗಳು ಅದರೊಳಗೆ ಬಾಳುತ್ತವೆ. ಒಳಗಿನ ಒಂದೊಂದೂ ವರ್ಚುವಲ್ ಮಷೀನ್. ಅವಕ್ಕೆ ಜಾಗ ಕೊಟ್ಟದ್ದು ಹೋಸ್ಟ್. ವಿಎಂವೇರ್ ಪದ್ಧತಿಯಲ್ಲಿ ಹೋಸ್ಟನ್ನು ನಡೆಸುವ ತಂತ್ರಾಂಶ ಇಎಸ್‌ಎಕ್ಸ್‌ಐ.

ಇಂಥ ವಠಾರಗಳು ಹಲವಾದಾಗ ಎಲ್ಲಕ್ಕೂ ಒಬ್ಬ ಮೇಲ್ವಿಚಾರಕ ಬೇಕು. ಆ ಕೆಲಸ ವಿಸೆಂಟರ್ ಸರ್ವರಿನದು. ಇದು ‘ಅಪ್ಲಯನ್ಸ್’ ರೂಪದಲ್ಲಿ ಬರುತ್ತದೆ. ಅಂದರೆ, ಫೋಟಾನ್ ಎಂಬ ಲಿನಕ್ಸ್, ಪೋಸ್ಟ್‌ಗ್ರೆಸ್ ಡೇಟಾಬೇಸ್, ನಿರ್ವಹಣೆಯ ತಂತ್ರಾಂಶ ಎಲ್ಲವನ್ನೂ ಸೇರಿಸಿ ಕಟ್ಟಿಟ್ಟ ಸಿದ್ಧ ವರ್ಚುವಲ್ ಮಷೀನ್. 2020ರಲ್ಲಿ ಬಂದ 7.0 ಆವೃತ್ತಿಯಿಂದೀಚೆಗೆ ವಿಂಡೋಸ್ ಮೇಲೆ ಸ್ಥಾಪಿಸುವ ವಿಸೆಂಟರ್ ಇಲ್ಲ. ಮೇಲ್ವಿಚಾರಕನೂ ವಠಾರದ ಒಂದು ಮನೆಯಲ್ಲೇ ಇರುತ್ತಾನೆ ಎನ್ನಿ.

ಸ್ಥಾಪನೆಗೆ ಎರಡು ಹಂತ. ಮೊದಲನೆಯದರಲ್ಲಿ ಅಪ್ಲಯನ್ಸನ್ನು ಹೋಸ್ಟಿನ ಮೇಲೆ ಇಳಿಸುತ್ತೀರಿ. ಎರಡನೆಯದರಲ್ಲಿ ಅದನ್ನು ಸಜ್ಜುಗೊಳಿಸುತ್ತೀರಿ. ಆದರೆ ಅವಸರ ಬೇಡ. ಮೊದಲು ಹೆಸರು ಮತ್ತು ಸಮಯ, ಇವೆರಡನ್ನು ಸರಿಪಡಿಸಿ. ಹೆಸರನ್ನೂ ನೆಟ್‌ವರ್ಕ್ ವಿಳಾಸವನ್ನೂ ಹೊಂದಿಸುವ ವ್ಯವಸ್ಥೆ ಡಿಎನ್‌ಎಸ್. ಹೆಸರು ಕೇಳಿದರೆ ವಿಳಾಸ, ವಿಳಾಸ ಕೇಳಿದರೆ ಹೆಸರು, ಎರಡೂ ಸರಿಯಾಗಿ ಸಿಗಬೇಕು. ಗಡಿಯಾರಗಳನ್ನು ಒಂದಾಗಿಸುವುದು ಎನ್‌ಟಿಪಿ. ಪ್ರವೇಶದ ಅನುಮತಿಗೂ ಪ್ರಮಾಣಪತ್ರಗಳಿಗೂ ಅವಧಿ ಇರುವುದರಿಂದ, ಗಡಿಯಾರ ತಪ್ಪಿದರೆ ಪಾಸ್‌ವರ್ಡ್ ಸರಿಯಿದ್ದರೂ ಬಾಗಿಲು ತೆರೆಯದಿರಬಹುದು.

ಬಾಗಿಲುಗಳೂ ಎರಡು. ದಿನನಿತ್ಯದ ಕೆಲಸಕ್ಕೆ, ಅಂದರೆ ಹೋಸ್ಟುಗಳನ್ನು ಸೇರಿಸಲು, ವರ್ಚುವಲ್ ಮಷೀನುಗಳನ್ನು ನೋಡಿಕೊಳ್ಳಲು, ಬ್ರೌಸರಿನಲ್ಲಿ ತೆರೆಯುವ ವಿಸ್ಫಿಯರ್ ಕ್ಲೈಂಟ್. ಅಪ್ಲಯನ್ಸಿನ ಆರೋಗ್ಯ, ಅಪ್‌ಡೇಟ್, ಬ್ಯಾಕಪ್‌ಗಳಿಗೆ 5480 ಪೋರ್ಟಿನ ಪುಟ. ಮೊದಲನೆಯದಕ್ಕೆ ಅಡ್ಮಿನಿಸ್ಟ್ರೇಟರ್ ಖಾತೆ, ಎರಡನೆಯದಕ್ಕೆ ಸಾಮಾನ್ಯವಾಗಿ ರೂಟ್ ಖಾತೆ. ಈಚಿನ ಆವೃತ್ತಿಗಳಲ್ಲಿ ರೂಟ್ ಪಾಸ್‌ವರ್ಡಿನ ಅವಧಿ, ನೀವು ಬದಲಿಸದಿದ್ದರೆ, 90 ದಿನ. ಆ ದಿನಾಂಕವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ.

ಕಲಿಯುವಾಗ ಭಯವಿದ್ದರೆ ಇದನ್ನು ನೆನಪಿಡಿ: ಮೇಲ್ವಿಚಾರಕ ಮಲಗಿದರೂ ವಠಾರದ ಒಲೆಗಳು ಆರುವುದಿಲ್ಲ. ವಿಸೆಂಟರ್ ನಿಂತರೂ ವರ್ಚುವಲ್ ಮಷೀನುಗಳು ತಮ್ಮ ಹೋಸ್ಟುಗಳ ಮೇಲೆ ಓಡುತ್ತಲೇ ಇರುತ್ತವೆ. ಒಂದು ಹೋಸ್ಟಿನಿಂದ ಇನ್ನೊಂದಕ್ಕೆ ಅವನ್ನು ಸಾಗಿಸುವಂಥ ಕೆಲಸಗಳು ಮಾತ್ರ ನಿಲ್ಲುತ್ತವೆ. ಆದರೂ ಮೇಲ್ವಿಚಾರಕನ ಲೆಕ್ಕದ ಪುಸ್ತಕ, ಅಂದರೆ ವಿಸೆಂಟರಿನ ಡೇಟಾಬೇಸ್, ಕಳೆಯಬಾರದು. ಆದ್ದರಿಂದ ಮೊದಲ ಹೋಸ್ಟನ್ನು ಸೇರಿಸಿದ ದಿನವೇ 5480ರ ಪುಟಕ್ಕೆ ಹೋಗಿ, ಬೇರೊಂದು ಯಂತ್ರಕ್ಕೆ ದಿನವೂ ಬ್ಯಾಕಪ್ ಹೋಗುವಂತೆ ವೇಳೆ ಗೊತ್ತುಮಾಡಿ. ಮುಂದಿನ ಪಾಠ ಆಮೇಲೆ.